ಮನೆಯ ಬಳಕೆಗೆ ಕಾಫಿ ಬೀಸುವ ಯಂತ್ರ

ವಯನಾಡು, ಗೂಡಲೂರುಗಳ ಕಡೆ ನಮ್ಮವರ ಮನೆಗೆ ಹೋದಾಗಲೆಲ್ಲ ಒಂದು ಸಂಗತಿ ನಮಗೆ ವಿಚಿತ್ರವಾಗಿ ತೋರುತ್ತದೆ. ಅಂಗಳದ ತುಂಬ ಕಾಫಿ ಹಣ್ಣು ಒಣಗುತ್ತಿರುತ್ತದೆ. ಒಳಗಿನಿಂದ ಲೋಟದಲ್ಲಿ ಬರುವುದು ಮಾತ್ರ ಪೇಟೆಯ ಪೊಟ್ಟಣದ ಹುಡಿಯ ಕಾಫಿ. ಆ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನು ಓದಿ ನೋಡಿ. ಕಾಫಿ-ಚಿಕೋರಿ ಮಿಶ್ರಣವೆಂದು ಮಾರುವ ಹುಡಿಯಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಸೇರಿಸಲು ಕಾನೂನಿನ ಅಡ್ಡಿಯಿಲ್ಲ. ಎಷ್ಟು ಸೇರಿಸಿದೆಯೆಂದು ಬರೆದಿರಬೇಕು, ಅಷ್ಟೆ. ಚಿಕೋರಿಯೇನೂ ವಿಷವಲ್ಲ. ಅದರ ಬಣ್ಣವೂ ಗಟ್ಟಿತನವೂ ಹಿಡಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸ್ವಂತ ತೋಟದ ಕಾಫಿಯನ್ನು ಮಾರಿ, ಬಂದ ದುಡ್ಡಿನಿಂದ ಬೇರಿನ ಹುಡಿಯನ್ನು ಕೊಂಡು ಕುಡಿಯುವುದು ಯಾವ ಲೆಕ್ಕ?

ಲೆಕ್ಕವನ್ನೇ ಮಾಡೋಣ. ಐದು ಜನರ ಮನೆಯಲ್ಲಿ ದಿನಕ್ಕೆ ಹತ್ತು ಲೋಟ, ಲೋಟಕ್ಕೆ 8 ಗ್ರಾಂ ಹುಡಿಯಂತೆ 80 ಗ್ರಾಂ ಬೇಕು. ವರ್ಷಕ್ಕೆ ಸುಮಾರು 29 ಕಿಲೊ ಆಯಿತು. ಹುರಿಯುವಾಗ ಬೀಜದ ತೂಕ ನೂರಕ್ಕೆ 15ರಿಂದ 20ರಷ್ಟು ಇಳಿಯುವುದರಿಂದ 35 ಕಿಲೊ ಹಸಿ ಬೀಜ ಬೇಕಾಗುತ್ತದೆ. ಒಣಗಿದ ಹಣ್ಣಿನಲ್ಲಿ ಬೀಜ ಹೆಚ್ಚುಕಡಿಮೆ ಅರ್ಧ. ಎಂದರೆ 70 ಕಿಲೊ ಒಣ ಹಣ್ಣನ್ನು ಬೇರೆ ತೆಗೆದಿಟ್ಟರೆ ವರ್ಷದ ಕಾಫಿ ಕಳೆಯಿತು. ಬೆಳೆದದ್ದನ್ನು ಕಾಫಿ ಮಂಡಳಿಯ ಒಟ್ಟು ಸಂಗ್ರಹಕ್ಕೆ ಒಪ್ಪಿಸಬೇಕೆಂಬ ಹಿಂದಿನ ಕಟ್ಟು 1992ರಿಂದ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ತೊಲಗಿದೆ. ನಿಮ್ಮ ಕಾಫಿ ನಿಮ್ಮದೇ.

"ಹುರಿಯುವುದು ನಮಗೆ ಗೊತ್ತು, ಹುಡಿ ಮಾಡುವುದೇ ಕಷ್ಟ" ಎಂದು ಮನೆಯ ಹೆಂಗಸರು ಹೇಳುತ್ತಾರೆ. ಮಾತು ನಿಜ. ಹುಡಿ ಕೆಟ್ಟರೆ ಒಳ್ಳೆಯ ಬೀಜವೂ ಕೆಟ್ಟಂತೆಯೇ. ಆದುದರಿಂದ ಈ ಸಲ ಬೀಸುವ ಯಂತ್ರದ ವಿಚಾರ.

ಅಂಗಡಿಯಲ್ಲಿ ಸಿಕ್ಕುವ ಯಂತ್ರಗಳಲ್ಲಿ ಎರಡೇ ಜಾತಿ. ಒಂದು ಕತ್ತಿಯದು. ಮಿಕ್ಸಿಯೂ ಇದೇ ಜಾತಿ. ತಿರುಗುವ ಅಲಗಿಗೆ ಸಿಕ್ಕಿದ ಬೀಜ ಮತ್ತೆ ಮತ್ತೆ ಪೆಟ್ಟು ತಿಂದು ಧೂಳಾಗುತ್ತದೆ. ಸಿಕ್ಕದೆ ಪಕ್ಕಕ್ಕೆ ಹಾರಿದ್ದು ತುಂಡಾಗಿಯೇ ಉಳಿಯುತ್ತದೆ. ಇನ್ನೊಂದು ಹಲ್ಲಿನದು. ಇದು ನಮ್ಮ ಬೀಸುವ ಕಲ್ಲಿನ ಕ್ರಮವೇ. ಒಂದು ಹಲ್ಲಿನ ಬಿಲ್ಲೆ ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ, ನಡುವೆ ಒಂದು ಸಂದು. ಆ ಸಂದಿನಲ್ಲಿ ಹಿಡಿಸುವಷ್ಟು ಸಣ್ಣದಾಗುವವರೆಗೆ ಕಾಳು ಹೊರಗೆ ಬೀಳುವಂತಿಲ್ಲ. ಬಿದ್ದ ಮೇಲೆ ಮತ್ತೆ ಪೆಟ್ಟು ತಿನ್ನುವಂತೆಯೂ ಇಲ್ಲ. ಹಾಗಾಗಿ ಹುಡಿ ಒಂದೇ ಸಮನಾಗಿರುತ್ತದೆ. ತಿರುಪಿನಿಂದ ಸಂದನ್ನು ಹಿಗ್ಗಿಸಿ ಕುಗ್ಗಿಸಿ ತರಿಯಾಗಿ, ನುಣ್ಣಗೆ, ಬೇಕಾದಂತೆ ಬೀಸಬಹುದು.

ಸಮನಾಗಿರುವುದು ಅಷ್ಟೇನು ದೊಡ್ಡದು ಎಂದು ನೀವು ಕೇಳಬಹುದು. ಫಿಲ್ಟರಿನಲ್ಲಿ ಬಿಸಿನೀರು ಹುಡಿಯ ನಡುವೆ ನಿಧಾನವಾಗಿ ಇಳಿಯಬೇಕು. ದಪ್ಪ ತುಂಡುಗಳು ಒಳಗಿನ ಸಾರವನ್ನು ಬಿಡುವುದೇ ಇಲ್ಲ. ಧೂಳು ತನ್ನ ಕಹಿಯನ್ನೆಲ್ಲ ಬಿಡುವುದಲ್ಲದೆ ತೂತುಗಳನ್ನೂ ಮುಚ್ಚುತ್ತದೆ. ಎರಡೂ ಕೂಡಿದರೆ ಒಂದೇ ಲೋಟದಲ್ಲಿ ನೀರೂ ಕಹಿಯೂ ಒಟ್ಟಿಗೆ ಬರುತ್ತವೆ. ವಯನಾಡಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟಾ ಹುಟ್ಟಿನಿಂದಲೇ ಕಹಿ ಹೆಚ್ಚಿನದು, ಆದ್ದರಿಂದ ಈ ದೋಷ ಅದರಲ್ಲಿ ಬೇಗ ತೋರುತ್ತದೆ. "ನಮ್ಮ ತೋಟದ ಕಾಫಿ ಕುಡಿಯಲಿಕ್ಕಾಗದು" ಎಂಬ ದೂರನ್ನು ಕೇಳಿದಾಗಲೆಲ್ಲ ನಾವು ಮೊದಲು ಕೇಳುವುದು, ಯಾವುದರಲ್ಲಿ ಹುಡಿ ಮಾಡಿದಿರಿ ಎಂದು.

ಹಲ್ಲಿನದನ್ನೇ ಕೊಳ್ಳಿ ಎಂದಾಯಿತು. ಆದರೆ ಹಲ್ಲಿದ್ದ ಮಾತ್ರಕ್ಕೆ ಒಳ್ಳೆಯದೆಂದಲ್ಲ. ಪೆಟ್ಟಿಗೆಯ ಚಿತ್ರವನ್ನೂ ಮಾರುವವನ ಮಾತನ್ನೂ ಬದಿಗಿಟ್ಟು, ಯಂತ್ರವನ್ನು ಕೈಯಲ್ಲಿ ಹಿಡಿದು ನಡುವಿನ ಸರಳನ್ನು ಅಲುಗಿಸಿ ನೋಡಿ. ಅದು ಅತ್ತಿತ್ತ ವಾಲುವುದಾದರೆ ತಿರುಗುವಾಗ ಸಂದು ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗುತ್ತದೆ. ಅಂಥದು ಕತ್ತಿಯ ಯಂತ್ರಕ್ಕಿಂತ ಹೆಚ್ಚೇನೂ ಮೇಲಲ್ಲ. ಸರಳು ಮೇಲೊಂದು ಕೆಳಗೊಂದು, ಎರಡು ಕಡೆ ಆಧಾರದ ಮೇಲೆ ನಿಂತಿರಬೇಕು. ಮನೆಯಲ್ಲಿ ಹುರಿದ ಬೀಜವನ್ನು ಒಂದು ಹಿಡಿ ಕಟ್ಟಿಕೊಂಡು ಹೋಗಿ, ಅಂಗಡಿಯಲ್ಲೇ ಬೀಸಿಸಿ, ಬಿಳಿ ಕಾಗದದ ಮೇಲೆ ಹರಡಿ. ಫಿಲ್ಟರಿಗೆ ಬೇಕಾದದ್ದು ಗೋದಿ ಹಿಟ್ಟಿನಂಥದಲ್ಲ, ಉಪ್ಪಿಟ್ಟಿನ ರವೆಯಂಥದೂ ಅಲ್ಲ. ಚಿರೋಟಿ ರವೆಯಷ್ಟು ಸಣ್ಣದು. ಬೆರಳಿನ ನಡುವೆ ಉಜ್ಜಿದಾಗ ತರಿ ಒಂದೇ ರೀತಿ ತಾಗಬೇಕು. ಬೀಸಿ ನೋಡಲು ಬಿಡದ ಅಂಗಡಿಯಿಂದ ಸುಮ್ಮನೆ ಹೊರಟುಬನ್ನಿ.

ಗಾತ್ರದ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ಕೈಯಲ್ಲಿ ಹಿಡಿದು ತಿರುಗಿಸುವ ಸಣ್ಣ ಗಿರಣಿಯಲ್ಲಿ 20-30 ಗ್ರಾಂ ಹಿಡಿಸುತ್ತದೆ. ಒಬ್ಬಿಬ್ಬರಿಗೆ ಚೆನ್ನ. ಮೇಲೆ ಹೇಳಿದ 80 ಗ್ರಾಮಿಗೆ ದಿನಕ್ಕೆ ಮೂರು ನಾಲ್ಕು ಸಲ ತುಂಬಿಸಿ ತಿರುಗಿಸಬೇಕು. ಹಾಲು ಕರೆದು ಬಂದ ಕೈ ಎಷ್ಟು ದಿನ ತಿರುಗಿಸೀತು? ಒಂದು ತಿಂಗಳಲ್ಲಿ ಅದು ಅಟ್ಟ ಸೇರುತ್ತದೆ. ಅಂಥ ಮನೆಗೆ ಮೇಜಿಗೆ ಬಿಗಿಯುವ ಬೀಡುಕಬ್ಬಿಣದ ಗಿರಣಿ ಲೇಸು. ಹಿಡಿ ಉದ್ದವಿದ್ದಷ್ಟೂ ಶ್ರಮ ಕಡಿಮೆ. ಕರೆಂಟಿನ ಗಿರಣಿ ಶ್ರಮವನ್ನು ಪೂರ್ತಿ ಉಳಿಸುವುದೇನೋ ಸರಿ, ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ ಅದೊಂದನ್ನೇ ನಂಬುವಂತಿಲ್ಲ. ಕೊಂಡರೂ ಹಲ್ಲಿನ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಕ್ಕುವುದೇ ಎಂದು ವಿಚಾರಿಸಿಕೊಳ್ಳಿ.

ಹಲ್ಲು ಉಕ್ಕಿನದೋ ಪಿಂಗಾಣಿಯದೋ? ಪಿಂಗಾಣಿಗೆ ತುಕ್ಕಿಲ್ಲವೆಂದು ನಾವೂ ಒಮ್ಮೆ ಅದನ್ನೇ ಆರಿಸಿ ತಂದೆವು. ಹದಿನೈದು ದಿನವೂ ಆಗಿರಲಿಲ್ಲ, ಬೀಜದೊಡನೆ ಒಂದು ಹರಳು ಹೋಗಿ ಹಲ್ಲಿನ ಅಂಚು ಚಕ್ಕೆಯೆದ್ದಿತು. ತಪ್ಪು ಯಂತ್ರದ್ದಲ್ಲ, ನಮ್ಮ ಅಂಗಳದ್ದು! ಮಣ್ಣಿನ ಅಂಗಳದಲ್ಲಿ ಒಣಗಿಸುವ ನಮ್ಮಂಥವರಿಗೆ ಉಕ್ಕಿನ ಹಲ್ಲೇ ಸರಿ. ಅದಕ್ಕೂ ಕಲ್ಲು ಶತ್ರುವೇ. ಆದ್ದರಿಂದ ಹುರಿಯುವ ಮೊದಲು ಬೀಜವನ್ನು ಮೊರದಲ್ಲಿ ಕೇರಿ, ಕೈಯಿಂದ ಹರಳು ಆರಿಸಲೇಬೇಕು. ಹುರಿದ ಬೀಜ ಪೂರ್ತಿ ಆರಿದ ಮೇಲೆ ಬೀಸಿ. ಹಸಿ ಬೀಜವನ್ನು ಎಂದೂ ಹಾಕಬೇಡಿ. ಮೆಣಸು, ಕೊತ್ತಂಬರಿಗಳಿಗೆ ಈ ಗಿರಣಿಯನ್ನು ಕೊಟ್ಟರೆ ವಾಸನೆ ಬಿಡಿಸಲು ಬಹಳ ಪಾಡು. ವಾರಕ್ಕೊಮ್ಮೆ ಒಣ ಕುಂಚದಿಂದ ಹಲ್ಲನ್ನು ಗುಡಿಸಿ, ಒಣ ಬಟ್ಟೆಯಿಂದ ಎಣ್ಣೆಯ ಪಸೆ ಒರೆಸಿ. ಕಬ್ಬಿಣಕ್ಕೆ ನೀರು ಬೇಡ.

ಈ ವರ್ಷ ಗಿರಣಿಗೆ ದುಡ್ಡಿಲ್ಲವೆಂದರೆ ಇದ್ದ ಮಿಕ್ಸಿಯಲ್ಲೇ ಸುಧಾರಿಸಬಹುದು. ಒಣ ಪಾತ್ರೆಯಲ್ಲಿ ಬೀಜ ಸ್ವಲ್ಪವೇ ಇರಲಿ. ಮೂರು ನಾಲ್ಕು ಕ್ಷಣ ತಿರುಗಿಸಿ, ನಿಲ್ಲಿಸಿ, ಪಾತ್ರೆಯನ್ನು ಕುಲುಕಿ ಮತ್ತೆ ತಿರುಗಿಸಿ. ಬಿಡದೆ ಓಡಿಸಿದರೆ ಹುಡಿ ಬಿಸಿಯಾಗಿ ಪರಿಮಳ ಅಲ್ಲೇ ಹಾರಿಹೋಗುತ್ತದೆ. ಆಮೇಲೆ ಸಣ್ಣ ಜರಡಿಯಲ್ಲಿ ಜಾಲಿಸಿ, ಮೇಲೆ ಉಳಿದ ತರಿಯನ್ನು ಎಸೆಯದೆ ಮುಂದಿನ ಸಲದ ಬೀಜದೊಡನೆ ಸೇರಿಸಿ. ಬೆಲ್ಲ ಹಾಕಿ ಪಾತ್ರೆಯಲ್ಲೇ ಕುದಿಸಿ ಬಸಿಯುವ ಮನೆಗಳಿಗೆ ಇಷ್ಟು ಚಿಂತೆಯೂ ಬೇಡ. ಅದಕ್ಕೆ ದಪ್ಪ ತರಿಯೇ ಒಳ್ಳೆಯದು, ಅಜ್ಜಿಯ ಕಾಲದ ಒರಳೇ ಸಾಕು.