ಸಂಬಳವಿಲ್ಲದ ಸೇಲ್ಸ್‌ಮನ್?

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಎಲೆಕ್ಟ್ರಿಕ್ ಕಾರು ಕೊಂಡ ಮೇಲೆ ಪ್ರತಿ ಸೆಪ್ಟೆಂಬರಿನಲ್ಲಿ ಅದನ್ನು ಊರಿನ ಪಾರ್ಕಿಗೆ ಒಯ್ದು ನಿಲ್ಲಿಸಿ, ಬಂದುಹೋಗುವವರಿಗೆಲ್ಲ ದಿನವಿಡೀ ವಿವರಣೆ ಕೊಡುತ್ತಾನೆ. ಸಂಬಳವಿಲ್ಲ, ಕಮಿಷನ್ನೂ ಇಲ್ಲವಂತೆ. ಜಾಹೀರಾತಿಗೆ ಕೋಟಿಗಟ್ಟಲೆ ಸುರಿಯುವ ಕಂಪನಿಗಳ ಕೆಲಸವನ್ನು ಇವನೇಕೆ ಬಿಟ್ಟಿಯಾಗಿ ಮಾಡಬೇಕು? ಇದರಿಂದ ನಿಜಕ್ಕೂ ಏನಾದರೂ ಆಗುತ್ತದೆಯೇ?
– ನಿವೃತ್ತ ಶಿಕ್ಷಕರೊಬ್ಬರು, ತುಮಕೂರು

ಉತ್ತರ: ಸೆಪ್ಟೆಂಬರ್ ಎಂದಿರಿ. ಹಾಗಾದರೆ ಅದು ಬಹುಶಃ ‘ನ್ಯಾಷನಲ್ ಡ್ರೈವ್ ಎಲೆಕ್ಟ್ರಿಕ್ ವೀಕ್’ ಇರಬೇಕು. ಪ್ಲಗ್ ಇನ್ ಅಮೆರಿಕ, ಸಿಯೆರಾ ಕ್ಲಬ್, ಎಲೆಕ್ಟ್ರಿಕ್ ಆಟೊ ಅಸೋಸಿಯೇಷನ್ ಎಂಬ ಮೂರು ಸಂಘಟನೆಗಳು 2011ರಲ್ಲಿ ಒಂದು ದಿನದ ಕಾರ್ಯಕ್ರಮವಾಗಿ ಆರಂಭಿಸಿದ್ದು ಈಗ ವಾರಕ್ಕಿಂತ ಹೆಚ್ಚು ನಡೆಯುತ್ತದೆ. ಕಾರು ಇಟ್ಟುಕೊಂಡವರೇ ಅದರ ಬಾಗಿಲು ತೆರೆದು, ಕೇಳಿದವರಿಗೆ ಉತ್ತರಿಸುತ್ತಾರೆ. ಅನುಕೂಲವಿದ್ದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸುತ್ತಾರೆ.

ನಿಮ್ಮ ಅನುಮಾನ ಸಹಜ. ಆದರೆ ಈ ಬಿಟ್ಟಿ ಚಾಕರಿಯ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಕಂಪನಿಗಳ ಜೊತೆಗಿನ ಸ್ನೇಹವಲ್ಲ, ಜಗಳ.

1967ರಲ್ಲಿ ಸ್ಯಾನ್ ಹೋಸೆಯಲ್ಲಿ ವಾಲ್ಟರ್ ಲಾಸ್ಕಿ ಎಂಬವರು ಎಲೆಕ್ಟ್ರಿಕ್ ಆಟೊ ಅಸೋಸಿಯೇಷನ್ ಕಟ್ಟಿದಾಗ, ಪ್ರಚಾರ ಮಾಡೋಣವೆಂದರೆ ಅಂಗಡಿಯಲ್ಲಿ ಎಲೆಕ್ಟ್ರಿಕ್ ಕಾರೇ ಇರಲಿಲ್ಲ. ಬೇಕಾದವರು ತಾವೇ ಮಾಡಿಕೊಳ್ಳಬೇಕು. ಹಳೆಯ ಪೆಟ್ರೋಲ್ ಕಾರಿನ ಇಂಜಿನ್ ಕಿತ್ತೆಸೆದು, ಎಲ್ಲಿಂದಲೋ ಮೋಟಾರು ತಂದು ಕೂರಿಸಿ, ಡಿಕ್ಕಿಯ ತುಂಬ ಸೀಸದ ಬ್ಯಾಟರಿ ಜೋಡಿಸಿ ಓಡಿಸುತ್ತಿದ್ದರು. ಯಾವ ಮೋಟಾರು ಬೇಗ ಸುಡುತ್ತದೆ, ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂಬುದನ್ನು ತಿಂಗಳ ಸಭೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ನಿಮ್ಮ ಮಗ ಇಂದು ಪಾರ್ಕಿನಲ್ಲಿ ಮಾಡುವ ಪಾಠ ಅಲ್ಲಿಂದ ಹರಿದು ಬಂದದ್ದು.

ಜಗಳ ಹತ್ತಿದ್ದು ಆಮೇಲೆ. 1990ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ಒಂದು ನಿಯಮ ತಂದಿತು: ದೊಡ್ಡ ಕಂಪನಿಗಳು 1998ರ ವೇಳೆಗೆ ರಾಜ್ಯದಲ್ಲಿ ಮಾರುವ ಕಾರುಗಳಲ್ಲಿ ನೂರಕ್ಕೆ 2, 2003ರ ವೇಳೆಗೆ ನೂರಕ್ಕೆ 10 ಹೊಗೆಯೇ ಉಗುಳದಂಥವು ಇರಬೇಕು. ಇದರ ನಡುವೆ 1996ರಲ್ಲಿ ಜನರಲ್ ಮೋಟರ್ಸ್ ‘ಇವಿ1’ ಎಂಬ ಎರಡು ಸೀಟಿನ ಕಾರನ್ನು ರಸ್ತೆಗಿಳಿಸಿತು. ತಯಾರಾದದ್ದು ಸುಮಾರು 1,100. ಅದನ್ನು ಕಂಪನಿ ಯಾರಿಗೂ ಮಾರಲಿಲ್ಲ, ಲೀಸಿಗೆ ಮಾತ್ರ ಕೊಟ್ಟಿತು. ಒಂದು ಕಡೆ ಕಂಪನಿಗಳು ಕೋರ್ಟಿಗೆ ಹೋದವು, ಇನ್ನೊಂದು ಕಡೆ ಸರ್ಕಾರ ನಿಯಮವನ್ನು ಸಡಿಲಿಸುತ್ತ ಬಂತು. ಕೊನೆಗೆ ಕಂಪನಿ ಲೀಸು ಮುಗಿದ ಕಾರುಗಳನ್ನೆಲ್ಲ ವಾಪಸು ಪಡೆದು, ಬಹುಪಾಲನ್ನು ಜಜ್ಜಿ ಗುಜರಿಗೆ ಹಾಕಿತು. ಬಿಡಿಭಾಗ ಸಿಗುವುದಿಲ್ಲ, ದುರಸ್ತಿಯ ಹೊಣೆ ಹೊರಲಾಗುವುದಿಲ್ಲ ಎಂಬುದು ಅದು ಕೊಟ್ಟ ಕಾರಣ.

ಓಡಿಸಿದವರಿಗೆ ಇದು ನುಂಗಲಾಗದ ತುತ್ತಾಯಿತು. 2003ರಲ್ಲಿ ಹಾಲಿವುಡ್ಡಿನ ಒಂದು ಸ್ಮಶಾನದಲ್ಲಿ ಇವಿ1ಕ್ಕೆ ಅಣಕು ಶವಸಂಸ್ಕಾರ ನಡೆಸಿದರು. 2005ರಲ್ಲಿ ಬರ್ಬ್ಯಾಂಕಿನ ಕಂಪನಿ ಅಂಗಳದಲ್ಲಿ ಕೊನೆಯ 78 ಕಾರುಗಳು ಗುಜರಿಗೆ ಕಾದು ನಿಂತಿವೆ ಎಂದು ಗೊತ್ತಾದಾಗ, ಬೇಲಿಯ ಹೊರಗೆ ವಾರಗಟ್ಟಲೆ ಹಗಲೂ ರಾತ್ರಿ ಕಾವಲು ಕೂತರು. ‘ಜಜ್ಜಬೇಡಿ, ನಾವೇ ಕೊಳ್ಳುತ್ತೇವೆ’ ಎಂದು ಒಟ್ಟು 19 ಲಕ್ಷ ಡಾಲರ್ ಮುಂದಿಟ್ಟರು. ಕಂಪನಿ ಒಪ್ಪಲಿಲ್ಲ. ಲಾರಿಗಳು ಬಂದವು, ಅಡ್ಡ ನಿಂತವರನ್ನು ಪೊಲೀಸರು ಹಿಡಿದೊಯ್ದರು. ಈ ಹೋರಾಟದ ಮುಂಚೂಣಿಯಲ್ಲಿದ್ದ ಚೆಲ್ಸಿ ಸೆಕ್ಸ್‌ಟನ್ ಅದಕ್ಕೂ ಮೊದಲು ಜನರಲ್ ಮೋಟರ್ಸ್‌ನಲ್ಲಿ ಇವಿ1ಕ್ಕೆ ಗಿರಾಕಿ ಹುಡುಕಿಕೊಡುವ ಕೆಲಸದಲ್ಲೇ ಇದ್ದವರು. ಸಂಬಳ ನಿಂತ ಮೇಲೂ ಅವರ ಮಾತು ನಿಲ್ಲಲಿಲ್ಲ.

ಇವಿ1 ಉಳಿಯಲಿಲ್ಲ, ಆದರೆ ಅದೇ ಒತ್ತಾಯಕ್ಕೆ ಬೇರೆ ಕಂಪನಿಗಳು ಮಣಿದವು. ಟೊಯೊಟಾ ತನ್ನ ಆರ್‌ಎವಿ4 ಎಲೆಕ್ಟ್ರಿಕ್ ಕಾರುಗಳನ್ನೂ ಫೋರ್ಡ್ ತನ್ನ ರೇಂಜರ್ ಎಲೆಕ್ಟ್ರಿಕ್ ಪಿಕಪ್‌ಗಳನ್ನೂ ಲೀಸಿಗೆ ಪಡೆದವರಿಗೇ ಮಾರಲು ಒಪ್ಪಿಕೊಂಡವು. ‘ಜಜ್ಜಬೇಡಿ’ ಎಂದು ಬೇಲಿ ಹಿಡಿದು ನಿಂತ ಗುಂಪೇ ಮುಂದೆ ಪ್ಲಗ್ ಇನ್ ಅಮೆರಿಕವಾಯಿತು. 2006ರಲ್ಲಿ ಕ್ರಿಸ್ ಪೇನ್ ಈ ಕಥೆಯನ್ನು ಸಾಕ್ಷ್ಯಚಿತ್ರ ಮಾಡಿದರು. ಇವಿ1 ಕೈಬಿಟ್ಟದ್ದೇ ತಾನು ಮಾಡಿದ ಅತಿ ಕೆಟ್ಟ ನಿರ್ಧಾರ ಎಂದು ಕಂಪನಿಯ ಮುಖ್ಯಸ್ಥ ರಿಕ್ ವ್ಯಾಗನರ್ ಅದೇ ವರ್ಷ ಒಪ್ಪಿಕೊಂಡರು.

ಇನ್ನು ‘ಏನಾದರೂ ಆಗುತ್ತದೆಯೇ’ ಎಂಬುದಕ್ಕೆ ನಾರ್ವೆಯನ್ನು ನೋಡಬೇಕು. 1989ರಲ್ಲಿ ಬೆಲ್ಲೋನಾ ಎಂಬ ಪರಿಸರ ಸಂಘಟನೆಯ ಫ್ರೆಡ್ರಿಕ್ ಹೌಗೆ ಮತ್ತು ಆಗ ಜಗತ್ಪ್ರಸಿದ್ಧರಾಗಿದ್ದ ‘ಆ-ಹಾ’ ಪಾಪ್ ತಂಡದ ಮಾರ್ಟನ್ ಹಾರ್ಕೆಟ್, ಮ್ಯಾಗ್ನೆ ಫುರುಹೋಲ್ಮೆನ್ ಸೇರಿ ಸ್ವಿಟ್ಜರ್ಲೆಂಡಿನಿಂದ ಒಂದು ಪುಟ್ಟ ಫಿಯೆಟ್ ಪಾಂಡಾ ತಂದರು. ಪೆಟ್ರೋಲ್ ಇಂಜಿನ್ ತೆಗೆದು ವಿದ್ಯುತ್ತಿಗೆ ಬದಲಿಸಿದ ಕಾರು ಅದು. ಅದರಲ್ಲಿ ಕೂತು, ಟೋಲ್ ಗೇಟುಗಳಲ್ಲಿ ಬೇಕೆಂದೇ ಹಣ ಕೊಡದೆ ದಾಟಿದರು. ದಂಡ ಬಿತ್ತು, ಕಟ್ಟಲಿಲ್ಲ. ಕಾರನ್ನು ಜಪ್ತಿ ಮಾಡಿ ಹರಾಜಿಗಿಟ್ಟರೆ, ಅದನ್ನು ಕೂಗಲು ಇವರನ್ನು ಬಿಟ್ಟರೆ ಇನ್ನಾರಿಗೂ ಆಸಕ್ತಿಯಿರಲಿಲ್ಲ. ಇವರೇ ಕೊಂಡು ಮತ್ತೆ ಟೋಲ್ ಗೇಟಿಗೆ ಹೊರಟರು. ಪತ್ರಿಕೆಗಳಿಗಂತೂ ಹಬ್ಬ.

ಈ ಪ್ರಸಂಗದಲ್ಲಿ ನನಗೆ ಮೆಚ್ಚುಗೆಯಾಗುವುದು ಬೇಡಿಕೆಯ ಖಚಿತತೆ. ಭೂಮಿ ಉಳಿಸಿ ಎಂದು ಅವರು ಭಾಷಣ ಬಿಗಿಯಲಿಲ್ಲ. ಟೋಲ್ ತೆಗೆಯಿರಿ, ತೆರಿಗೆ ಇಳಿಸಿ ಎಂದರು. ಅಧಿಕಾರಿಯೊಬ್ಬ ಹೌದು ಅಥವಾ ಇಲ್ಲ ಎನ್ನಲೇಬೇಕಾದ ಮಾತು ಅದು. 1990ರಲ್ಲಿ ಖರೀದಿ ತೆರಿಗೆ ಹೋಯಿತು. 1997ರಲ್ಲಿ ಟೋಲ್, 2001ರಲ್ಲಿ ಮೌಲ್ಯವರ್ಧಿತ ತೆರಿಗೆ ಹೋದವು. ನಡುವೆ, 1995ರಲ್ಲಿ, ಕಾರಿಟ್ಟುಕೊಂಡವರದೇ ಒಂದು ಸಂಘ ಹುಟ್ಟಿತು. ಇಂದು ಅದಕ್ಕೆ ಲಕ್ಷಕ್ಕೂ ಮಿಕ್ಕಿ ಸದಸ್ಯರು. ಸವಲತ್ತು ಕಡಿತದ ಮಾತು ಬಂದಾಗಲೆಲ್ಲ ಸಂಸತ್ತಿನ ಬಾಗಿಲು ತಟ್ಟುವವರು ಇವರೇ. 2024ರಲ್ಲಿ ನಾರ್ವೆಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89ರಷ್ಟು ಎಲೆಕ್ಟ್ರಿಕ್. ಇದೆಲ್ಲ ಆ ಪುಟ್ಟ ಪಾಂಡಾದ ಪುಣ್ಯ ಎಂದರೆ ಉತ್ಪ್ರೇಕ್ಷೆಯಾದೀತು. ದೇಶ ಶ್ರೀಮಂತ, ವಿದ್ಯುತ್ತು ಬಹುತೇಕ ಜಲಮೂಲದ್ದು, ಪೆಟ್ರೋಲ್ ಕಾರಿನ ಮೇಲಿನ ತೆರಿಗೆಯೂ ಭಾರಿ. ಆದರೆ ಯಾವ ತೆರಿಗೆ ತೆಗೆಯಬೇಕೆಂದು ಬೆರಳಿಟ್ಟು ತೋರಿಸಿದವರು ಇಂಥವರೇ.

ಪಾರ್ಕಿನಲ್ಲಿ ನಿಲ್ಲುವುದಷ್ಟೇ ಇವರ ಕೆಲಸವೂ ಅಲ್ಲ. 2016ರಲ್ಲಿ ಸಿಯೆರಾ ಕ್ಲಬ್ಬಿನ ಸ್ವಯಂಸೇವಕರು ಅಮೆರಿಕದ 10 ರಾಜ್ಯಗಳಲ್ಲಿ 308 ಕಾರು ಮಳಿಗೆಗಳಿಗೆ ಗಿರಾಕಿಗಳಂತೆ ಹೋದರು, ಇಲ್ಲವೇ ಫೋನ್ ಮಾಡಿದರು. ಎಷ್ಟೋ ಕಡೆ ಎಲೆಕ್ಟ್ರಿಕ್ ಕಾರನ್ನು ಹಿತ್ತಲಲ್ಲೆಲ್ಲೋ ನಿಲ್ಲಿಸಿದ್ದರು. ಒಮ್ಮೆ ಓಡಿಸಿ ನೋಡುತ್ತೇನೆ ಎಂದರೆ ಕೆಲವು ಕಡೆ ಬ್ಯಾಟರಿಯಲ್ಲಿ ಚಾರ್ಜೇ ಇರಲಿಲ್ಲ. ಸರ್ಕಾರದ ಸಹಾಯಧನದ ವಿಷಯ ಮಾರುವವನಿಗೇ ಸರಿಯಾಗಿ ತಿಳಿದಿರಲಿಲ್ಲ. ತಾನು ಮಾರುವ ವಸ್ತುವನ್ನೇ ಅರಿಯದ ಅಂಗಡಿಯವನಿಗಿಂತ, ಅದೇ ಕಾರಿನಲ್ಲಿ ದಿನಾ ಆಫೀಸಿಗೆ ಹೋಗಿಬರುವ ನಿಮ್ಮ ಮಗನ ಮಾತಿಗೆ ಜನ ಕಿವಿಗೊಡುವುದರಲ್ಲಿ ಆಶ್ಚರ್ಯವೇನಿದೆ?

ನಿಮ್ಮ ಅನುಮಾನವನ್ನು ಪೂರ್ತಿ ತಳ್ಳಿಹಾಕಲೂ ನಾನು ಸಿದ್ಧನಿಲ್ಲ. ಇಂಥ ಕಾರ್ಯಕ್ರಮಗಳಿಗೆ ಕಾರು ಕಂಪನಿಗಳೂ ಪ್ರಾಯೋಜಕರಾಗಿದ್ದಾರೆ. ಬೇಲಿಯಾಚೆ ನಿಂತು ಕೂಗಿದವರಿಗೇ ಒಳಗೆ ಕರೆದು ಕುರ್ಚಿ ಹಾಕಿದರೆ ದನಿ ತಗ್ಗುವ ಅಪಾಯ ಇದ್ದೇ ಇದೆ. ಇನ್ನೊಂದು ಅಪಾಯ ಭಕ್ತಿಯದು. ಪ್ರಚಾರಕನ ಮಾತಿಗೆ ಬೆಲೆ ಬರುವುದು ಅವನಿಗೆ ಅದರಿಂದ ಲಾಭವಿಲ್ಲ ಎಂಬ ಕಾರಣಕ್ಕೆ. ಆ ಬೆಲೆ ಉಳಿಯಬೇಕಾದರೆ ಕಾರಿನ ಹುಳುಕನ್ನೂ ಅವನೇ ಮೊದಲು ಹೇಳಬೇಕು. ಚಳಿಯಲ್ಲಿ ಒಂದು ಚಾರ್ಜಿಗೆ ಓಡುವ ದೂರ ಇಳಿಯುತ್ತದೆ. ಕಾರು ಭಾರವಿರುವುದರಿಂದ ಟೈರು ಬೇಗ ಸವೆಯುತ್ತದೆ. ಕಲ್ಲಿದ್ದಲಿನಿಂದಲೇ ಹೆಚ್ಚು ವಿದ್ಯುತ್ ತೆಗೆಯುವ ನಮ್ಮಂಥ ದೇಶದಲ್ಲಿ ‘ಹೊಗೆಯೇ ಇಲ್ಲ’ ಎಂದರೆ ಅರ್ಧ ಸತ್ಯ, ಹೊಗೆ ನಮ್ಮ ಬೀದಿಯಲ್ಲಿಲ್ಲ ಎನ್ನುವುದು ಸರಿಯಾದ ಮಾತು. ಮುಂದಿನ ಸಲ ಫೋನ್ ಮಾಡಿದಾಗ ಮಗನಿಗೆ ಕೇಳಿ ನೋಡಿ: ಕಂಪನಿ ಹೇಳಿದ್ದೆಷ್ಟು, ಹೆದ್ದಾರಿಯಲ್ಲಿ ಎಸಿ ಹಾಕಿಕೊಂಡು ಹೋದರೆ ನಿಜಕ್ಕೂ ಓಡುವುದೆಷ್ಟು? ಥಟ್ಟನೆ ಎರಡೂ ಅಂಕಿ ಹೇಳಿದರೆ ಮಗ ಸರಿಯಾದ ದಾರಿಯಲ್ಲಿದ್ದಾನೆ. ‘ಏನೂ ತೊಂದರೆಯಿಲ್ಲಪ್ಪಾ’ ಎಂದಷ್ಟೇ ಅಂದರೆ ನೀವು ಅನುಮಾನಿಸಿದ್ದೇ ಸರಿ.

ಈ ಕಥೆಗೂ ನಮಗೂ ನಂಟಿದೆ. 1990ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಸೌರ ಕಾರಿನ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. 2001ರಲ್ಲಿ ಅವರು ಬೆಂಗಳೂರಿನಲ್ಲೇ ‘ರೇವಾ’ ಎಂಬ ಎಲೆಕ್ಟ್ರಿಕ್ ಕಾರು ತಯಾರಿಸಿ ಮಾರಾಟಕ್ಕಿಟ್ಟರು. ಇಲ್ಲಿ ಅದನ್ನು ಆಟಿಕೆಯೆಂದು ನಕ್ಕವರೇ ಹೆಚ್ಚು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಓಡಿತು, ಏಕೆಂದರೆ 2003ರಲ್ಲಿ ಜಾರಿಗೆ ಬಂದ ನಗರ ದಟ್ಟಣೆ ಶುಲ್ಕ ಅದಕ್ಕಿರಲಿಲ್ಲ. ಅಲ್ಲಿಯೂ ನಾರ್ವೆಯ ಪಾಠವೇ: ಜನ ಬದಲಾದದ್ದು ಉಪದೇಶಕ್ಕಲ್ಲ, ಜೇಬಿಗಾದ ಅನುಕೂಲಕ್ಕೆ.

ಇಂದು ಬೆಂಗಳೂರಿನಲ್ಲಿ ಈ ಕೆಲಸ ಪಾರ್ಕಿಗಿಂತ ಹೆಚ್ಚಾಗಿ ನಡೆಯುವುದು ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿನಲ್ಲಿ. ಎಲೆಕ್ಟ್ರಿಕ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು 2017ರಲ್ಲಿ ದೇಶದಲ್ಲೇ ಮೊದಲು ತಂದ ರಾಜ್ಯ ನಮ್ಮದು. ಚಾರ್ಜಿಂಗ್ ಎಂಬುದು ಸೇವೆ, ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಇಷ್ಟಾದರೂ ನಿವಾಸಿಗಳ ಸಂಘದ ಸಭೆಯಲ್ಲಿ ಚಾರ್ಜಿಂಗ್ ಪಾಯಿಂಟ್ ಮಾತು ಬಂತೆಂದರೆ ಶುರು: ಬೆಂಕಿ ಹತ್ತಿದರೆ ಯಾರು ಹೊಣೆ, ಕಟ್ಟಡದ ಲೋಡ್ ಸಾಲುತ್ತದೆಯೇ, ಅವನ ಕಾರಿನ ಕರೆಂಟಿಗೆ ನಾನೇಕೆ ದುಡ್ಡು ಕೊಡಲಿ? ಕೊನೆಯ ಪ್ರಶ್ನೆಗೆ ಒಂದು ಸಬ್-ಮೀಟರ್ ಸಾಕು. ಉಳಿದೆರಡಕ್ಕೆ ಒಳ್ಳೆಯ ಎಲೆಕ್ಟ್ರಿಷಿಯನ್ ಬೇಕು, ಸರಿಯಾದ ವೈರಿಂಗ್ ಬೇಕು, ವಿದ್ಯುತ್ ಕಂಪನಿಗೆ ಅರ್ಜಿ ಬೇಕು. ತಮ್ಮ ಕಟ್ಟಡದಲ್ಲಿ ಇದನ್ನೆಲ್ಲ ಮಾಡಿ ಮುಗಿಸಿದವರು ಅರ್ಜಿ, ನಕ್ಷೆ, ಬಿಲ್ಲುಗಳ ಫೈಲನ್ನು ಪಕ್ಕದ ಕಟ್ಟಡದ ಸಭೆಗೆ ಒಯ್ದು ಮೇಜಿನ ಮೇಲಿಡುತ್ತಾರೆ. ಅವರಿಗೂ ಸಂಬಳವಿಲ್ಲ, ಕಮಿಷನ್ನೂ ಇಲ್ಲ. ಆದರೆ ಆ ಫೈಲು ನೋಡಿದ ಮೇಲೆ ಕಾರ್ಯದರ್ಶಿಗಳಿಗೆ ‘ಆಗುವುದಿಲ್ಲ’ ಎನ್ನುವುದು ಕಷ್ಟವಾಗುತ್ತದೆ.