ನಡೆಯಲು ಹೊರಟಾಗ ಶ್ರವಣ ಸಾಧನ ಕಿವಿಯಲ್ಲಿರಲಿ

ಫಜ್ರ್ ನಮಾಝ್ ಮುಗಿಸಿ ನಡೆಯಲು ಹೊರಡುವ ಕೆಲವು ಹಿರಿಯರು ಶ್ರವಣ ಸಾಧನವನ್ನು ಮನೆಯಲ್ಲೇ ತೆಗೆದಿಟ್ಟು ಹೋಗುತ್ತಾರೆ. ದುಬಾರಿ ವಸ್ತು, ಬೆವರಿಗೆ ಹಾಳಾದೀತೆಂಬ ಭಯ. ಆದರೆ ಹಿಂದಿನಿಂದ ಬರುವ ಬೈಕಿನ ಹಾರ್ನ್ ಕೇಳಿಸದಿದ್ದರೆ? ಕೆಟ್ಟ ಸಾಧನವನ್ನು ದುರಸ್ತಿ ಮಾಡಿಸಬಹುದು.

ಭಯವೇನೂ ಸುಳ್ಳಲ್ಲ. ಬೆವರಿನಲ್ಲಿರುವ ಉಪ್ಪು ಬ್ಯಾಟರಿ ಕೂರುವ ಜಾಗದ ಲೋಹವನ್ನು ಕೆಡಿಸುತ್ತದೆ, ಮೈಕಿನ ಸಣ್ಣ ರಂಧ್ರದಲ್ಲಿ ಕಟ್ಟಿಕೊಳ್ಳುತ್ತದೆ. ಗುಂಡಿಯಾಕಾರದ ಝಿಂಕ್-ಏರ್ ಬ್ಯಾಟರಿ ಕೆಲಸ ಮಾಡುವುದೇ ಗಾಳಿಯಿಂದ. ಅದರ ತೂತಿಗೆ ತೇವ ಕಟ್ಟಿದರೆ ಸಾಧನ ಇದ್ದಕ್ಕಿದ್ದಂತೆ ಮೌನವಾಗಬಹುದು. ಆದ್ದರಿಂದ ಹಣೆಗೆ ಬೆವರು ಹೀರುವ ಪಟ್ಟಿ ಕಟ್ಟಿಕೊಳ್ಳಿ. ಮನೆಗೆ ಬಂದ ಕೂಡಲೇ ಸಾಧನವನ್ನೂ ಕಿವಿಯ ಹಿಂಭಾಗವನ್ನೂ ಒಣ ಬಟ್ಟೆಯಿಂದ ಒರೆಸಿ. ರಾತ್ರಿ ಬ್ಯಾಟರಿ ಹೊರತೆಗೆದು, ಅದರ ಬಾಗಿಲು ತೆರೆದಿಟ್ಟು, ಸಾಧನವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಹೇರ್ ಡ್ರೈಯರ್, ಬಿಸಿಲು ಬೇಡವೇ ಬೇಡ. ಶಾಖಕ್ಕೆ ಒಳಗಿನ ಭಾಗಗಳು ಕೆಡುತ್ತವೆ. ಬ್ಯಾಟರಿ ಮಾತ್ರ ಮೊಮ್ಮಕ್ಕಳ ಕೈಗೆ ಸಿಗಬಾರದು, ನುಂಗಿದರೆ ಪ್ರಾಣಾಪಾಯ.

ಹಿಜಾಬ್ ಧರಿಸುವವರಿಗೆ ಇನ್ನೊಂದು ಕಿರಿಕಿರಿ: ಬಟ್ಟೆ ಮೈಕಿಗೆ ಉಜ್ಜಿ ಸರಸರ ಸದ್ದು, ಬಿಗಿಯಾದರೆ ಸಿಳ್ಳೆ. ತೆಳುವಾದ ಹತ್ತಿಬಟ್ಟೆಯನ್ನು ಕಿವಿಯ ಮೇಲೆ ತುಸು ಸಡಿಲವಾಗಿ ಬಿಟ್ಟರೆ ಎಷ್ಟೋ ವಾಸಿ. ಓಡಿ ಆಡುವ ಮಕ್ಕಳಿಗೆ ಸಾಧನವನ್ನು ಕಾಲರಿಗೆ ಸಿಕ್ಕಿಸುವ ದಾರದ ಕ್ಲಿಪ್ ಸಿಗುತ್ತದೆ.

ಈಜುವಾಗ, ಸ್ನಾನ ಮಾಡುವಾಗ ಸಾಧನ ತೆಗೆದಿಡಿ. ವುಝೂವಿಗೂ ಅಷ್ಟೆ, ಕಿವಿ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಹಾಕಿಕೊಳ್ಳಿ.