ದಿನಕ್ಕೊಂದು ಸಂಪಾದಕೀಯ, ಐದೇ ಪದ

ಈ ಸಲ ಕಥೆ, ಕವನ ಬಿಟ್ಟು ಒಂದು ಪಾಠ ತಂದಿದ್ದೇವೆ. ಪಾಠ ಅಂದ ತಕ್ಷಣ ಮುಂದಕ್ಕೆ ಸ್ಕ್ರೋಲ್ ಮಾಡಬೇಡಿ. ಇದಕ್ಕೆ ಇಂಟರ್ನಲ್ಸ್ ಇಲ್ಲ, ಅಟೆಂಡೆನ್ಸೂ ಇಲ್ಲ.

ಶುರುವಾಗಿದ್ದು ಹಾಸ್ಟೆಲ್ಲಿನ ರೀಡಿಂಗ್ ರೂಮಿನಲ್ಲಿ. ನಮ್ಮ ಬಿಹಾರದ ಗೆಳೆಯ ಹಿಂದಿ ಮೀಡಿಯಂನಲ್ಲಿ ಓದಿ ಬಂದವನು. ದಿನಾ ಬೆಳಿಗ್ಗೆ ಇಂಗ್ಲಿಷ್ ಪೇಪರಿನ ಸಂಪಾದಕೀಯ ಓದ್ತಾನೆ. ಗೊತ್ತಿಲ್ಲದ ಐದು ಪದ ಆರಿಸಿ, ಪಕ್ಕದಲ್ಲಿ ಹಿಂದಿ ಅರ್ಥ, ಕೆಳಗೆ ತನ್ನದೇ ಒಂದು ವಾಕ್ಯ ಬರೀತಾನೆ. ನಾವು ನಾಲ್ಕು ಜನ ಅವನನ್ನು ರೇಗಿಸ್ತಿದ್ವಿ. ನಮ್ಮದು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ನಮಗೇನು ಕಷ್ಟ ಅಂತ.

ಒಂದು ದಿನ ಅವನು ಪಕ್ಕದಲ್ಲಿದ್ದ ಕನ್ನಡ ಪೇಪರ್ ಎತ್ತಿಕೊಂಡ. ಅಕ್ಷರ ಅಕ್ಷರ ಕೂಡಿಸಿ ಓದಿ, "ಯೋಜನೆಯ ಅನುಷ್ಠಾನ ಅಂತ ಬರೆದಿದ್ದಾರೆ, ಇಲ್ಲಿ ಯಾವ ಪೂಜೆ ನಡೀತಿದೆ?" ಅಂತ ಕೇಳಿದ. ಹಿಂದಿಯಲ್ಲಿ ಅನುಷ್ಠಾನ ಅಂದ್ರೆ ಹೆಚ್ಚಾಗಿ ಪೂಜೆ, ವ್ರತ. ಕನ್ನಡದಲ್ಲಿ ಏನು? ನಾವು ನಾಲ್ಕೂ ಜನ ಮುಖ ಮುಖ ನೋಡ್ಕೊಂಡ್ವಿ. ಮನೆಮಾತು ಕನ್ನಡ, ಹತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ ಒಳ್ಳೇ ಮಾರ್ಕ್ಸ್, ಆದರೆ ಉತ್ತರ ಯಾರಿಗೂ ಗೊತ್ತಿರ್ಲಿಲ್ಲ. ಯೋಜನೆಯನ್ನು ಜಾರಿಗೆ ತರುವುದು ಅಂತ ಆಮೇಲೆ ಹುಡುಕಿ ಹೇಳಿದ್ವಿ. ಅವತ್ತು ಆದ ನಾಚಿಕೆಯಿಂದಲೇ ಈ ಪಾಠ. ಅವನ ವಿಧಾನವನ್ನು ನಾವು ಕನ್ನಡಕ್ಕೆ ಎತ್ತಿಕೊಂಡ್ವಿ.

ಸಂಪಾದಕೀಯವೇ ಯಾಕೆ? ಸುದ್ದಿ ಏನಾಯ್ತು ಅಂತ ಹೇಳುತ್ತದೆ. ಸಂಪಾದಕೀಯ ಅದು ಸರಿಯೋ ತಪ್ಪೋ, ಮುಂದೇನು ಮಾಡಬೇಕು ಅಂತ ವಾದ ಮಾಡುತ್ತದೆ. ನಾವು ಕನ್ನಡದಲ್ಲಿ ಜೋಕ್ ಹೇಳ್ತೀವಿ, ಜಗಳ ಆಡ್ತೀವಿ. ವಾದ ಬಂದ ಕೂಡಲೇ ಇಂಗ್ಲಿಷಿಗೆ ಜಿಗೀತೀವಿ, ಯಾಕೆಂದರೆ ಆ ಪದಗಳು ನಮ್ಮ ಹತ್ತಿರ ಇಲ್ಲ. ಆ ಪದಗಳು ಸಿಗೋದು ಇಲ್ಲಿ.

ಮೊದಲ ಹೆಜ್ಜೆ: ವಾಕ್ಯವನ್ನು ಕೊನೆಯಿಂದ ಬಿಡಿಸಿ. ನಾವೇ ಕಟ್ಟಿದ ಒಂದು ಮಾದರಿ ನೋಡಿ:

"ಕೆರೆ ಒತ್ತುವರಿ ತೆರವಿಗೆ ಮೀನಮೇಷ ಎಣಿಸುತ್ತಿರುವ ಆಡಳಿತವು, ನಿಯಮಗಳನ್ನು ಗಾಳಿಗೆ ತೂರಿದವರ ಮೇಲೆ ಕ್ರಮ ಕೈಗೊಳ್ಳುವ ಹೊಣೆಗಾರಿಕೆಯಿಂದ ನುಣುಚಿಕೊಳ್ಳುತ್ತಿರುವುದು ಖಂಡನೀಯ."

ಓದಿ ಉಸಿರು ಕಟ್ತಾ? ನಮಗೂ ಕಟ್ಟಿತ್ತು. ಕನ್ನಡದಲ್ಲಿ ತೀರ್ಪು ಕೊನೆಗೆ ಬರುತ್ತದೆ, ಅಲ್ಲಿಂದ ಹಿಂದಕ್ಕೆ ಪ್ರಶ್ನೆ ಕೇಳ್ತಾ ಬನ್ನಿ. ಖಂಡನೀಯ ಯಾವುದು? ನುಣುಚಿಕೊಳ್ಳುವುದು, ಅಂದ್ರೆ ಜಾರಿಕೊಳ್ಳುವುದು. ಜಾರಿಕೊಳ್ಳೋದು ಯಾರು? ಆಡಳಿತ. ಯಾವುದರಿಂದ? ಕ್ರಮ ಕೈಗೊಳ್ಳುವ ಹೊಣೆಗಾರಿಕೆಯಿಂದ. ಯಾರ ಮೇಲೆ ಕ್ರಮ? ನಿಯಮ ಮುರಿದವರ ಮೇಲೆ. ನಾಲ್ಕು ಪ್ರಶ್ನೆಗೆ ವಾಕ್ಯ ಬಿಚ್ಚಿಕೊಳ್ತು.

ಎರಡನೇ ಹೆಜ್ಜೆ: ಪದವನ್ನು ಒಂಟಿಯಾಗಿ ಕಲಿಯಬೇಡಿ, ಕುಟುಂಬ ಸಮೇತ ಕಲಿಯಿರಿ. ಸ್ವಾಗತಾರ್ಹ ಅಂದ್ರೆ ಸ್ವಾಗತಕ್ಕೆ ಅರ್ಹ. ಇದು ಗೊತ್ತಾದರೆ ಗಮನಾರ್ಹ, ಪ್ರಶ್ನಾರ್ಹ ಎರಡೂ ಬಿಟ್ಟಿ ಸಿಕ್ಕ ಹಾಗೆ. ಖಂಡನೀಯದ ಜೊತೆ ಶ್ಲಾಘನೀಯ, ಶೋಚನೀಯ ಬರುತ್ತವೆ. ಇವು ಸಂಸ್ಕೃತದ ಕಡೆಯವು. ಅಚ್ಚಗನ್ನಡದ ಕುಟುಂಬಗಳೂ ಇವೆ. ಹಿಂದೆ ಎಂಬುದರಿಂದ ಹಿನ್ನಡೆ, ಹಿನ್ನೆಲೆ, ಹಿಂಜರಿಕೆ. ಮುಂದೆ ಎಂಬುದರಿಂದ ಮುನ್ನಡೆ, ಮುನ್ನೆಚ್ಚರಿಕೆ. ಹೊಣೆ ಗೊತ್ತಿದ್ದರೆ ಹೊಣೆಗಾರ, ಹೊಣೆಗಾರಿಕೆ, ಹೊಣೆಗೇಡಿತನ. ಒಂದು ಫಂಕ್ಷನ್ ಬರೆದು ಹತ್ತು ಕಡೆ ಬಳಸಿದ ಹಾಗೆ.

ಮೂರನೇ ಹೆಜ್ಜೆ: ನುಡಿಗಟ್ಟಿನ ಹಿಂದಿರುವ ಚಿತ್ರ ನೋಡಿ. ನಮಗೆ ಹೆಚ್ಚು ಖುಷಿ ಕೊಟ್ಟಿದ್ದು ಇದು. ತೂರುವುದು ಕಣದ ಕೆಲಸ. ರಾಶಿಯನ್ನು ಗಾಳಿಗೆ ತೂರಿದರೆ ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ಹಾರಿಹೋಗುತ್ತದೆ. ನಿಯಮವನ್ನು ಗಾಳಿಗೆ ತೂರಿದರು ಅಂದ್ರೆ ಅದನ್ನು ಹೊಟ್ಟಿನಂತೆ ಹಾರಲು ಬಿಟ್ಟರು. ಕಡಿವಾಣ ಕುದುರೆಯ ಬಾಯಿಗೆ ಹಾಕುವುದು, ಅದಕ್ಕೇ ಬೆಲೆ ಏರಿಕೆಗೆ ಕಡಿವಾಣ ಹಾಕಿ ಅಂತಾರೆ. ಎಳ್ಳುನೀರು ತೀರಿಹೋದವರಿಗೆ ಬಿಡುವುದು. ಯೋಜನೆಗೆ ಎಳ್ಳುನೀರು ಬಿಟ್ಟರೆ ಅದರ ಕಥೆ ಮುಗೀತು. ಮೀನ, ಮೇಷ ಎರಡೂ ರಾಶಿಗಳು. ಒಳ್ಳೇ ಗಳಿಗೆ ಲೆಕ್ಕ ಹಾಕ್ತಾ ಕೂತವನು ಕೆಲಸ ಶುರು ಮಾಡೋದೇ ಇಲ್ಲ. ನಮ್ಮ ರೆಕಾರ್ಡ್ ಬುಕ್ ಬರೆಯೋದು ಹೀಗೇ ಅಲ್ವಾ?

ನಾಲ್ಕನೇ ಹೆಜ್ಜೆ: ಅದೇ ದಿನ ಒಂದು ಸ್ವಂತ ವಾಕ್ಯದಲ್ಲಿ ಬಳಸಿ. "ಮೆಸ್ಸಿನ ಪಲ್ಯದ ಸ್ಥಿತಿ ಶೋಚನೀಯ" ಅಂತ ಬರೆದ ಮೇಲೆ ಆ ಪದ ನಮಗೆ ಮರೆತಿಲ್ಲ. ಬರೀ ಅರ್ಥ ಬರೆದಿಟ್ಟ ಪದಗಳಲ್ಲಿ ಎಷ್ಟೋ ಮರೆತೇ ಹೋಗಿವೆ. ಅರ್ಥಕ್ಕೆ ಅಲರ್ ಇದೆ, ವಿ. ಕೃಷ್ಣ ಅವರು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, ಫೋನಿನಲ್ಲೇ ಉಚಿತವಾಗಿ ನೋಡಬಹುದು. ಪದಗಳ ಹುಚ್ಚು ಹಿಡಿದರೆ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಲೈಬ್ರರಿಯಲ್ಲಿ ಹುಡುಕಿ. ಪ್ರಜಾವಾಣಿಯಲ್ಲಿ ಓದುಗರು ಕೇಳಿದ ಪದಗಳಿಗೆ ಅವರು ಕೊಟ್ಟ ಉತ್ತರಗಳು ಅವು.

ಹಿಂದಿ ಬಲ್ಲ ಗೆಳೆಯರಿಗೆ ಒಂದು ಎಚ್ಚರಿಕೆ: ಕೇಳಲು ಒಂದೇ ಥರ ಇರೋ ಪದಗಳನ್ನು ನಂಬಬೇಡಿ. ನಮ್ಮ ಅವಕಾಶ ಅವರಿಗೆ ರಜೆ. ನಮ್ಮ ಉಪನ್ಯಾಸ ಅವರಿಗೆ ಕಾದಂಬರಿ. ನಮ್ಮ ಮಂತ್ರಿ ರಾಜೀನಾಮೆ ಕೊಟ್ಟು ಹೊರಗೆ ಹೋದರೆ, ಹಿಂದಿಯ ರಾಜೀನಾಮೆ ಇಬ್ಬರು ರಾಜಿಯಾದ ಪತ್ರ. ಅವರ ಶಿಕ್ಷಾ ಅಂದ್ರೆ ಶಿಕ್ಷಣ, ನಮ್ಮ ಶಿಕ್ಷೆ ಬೇರೆ. ಎಂಜಿನಿಯರಿಂಗ್ ಸೇರಿದ ಮೇಲೆ ಎರಡೂ ಒಂದೇ ಅಂತ ಗೆಳೆಯನ ವಾದ.

ಇನ್ನೊಂದು ಮಾತು. ಸಂಪಾದಕೀಯದ ಕನ್ನಡವೇ ಇಡೀ ಕನ್ನಡ ಅಲ್ಲ. ಕ್ಯಾಂಟೀನಿನಲ್ಲಿ "ಚಹಾ ಪೂರೈಕೆಯಲ್ಲಿನ ವಿಳಂಬ ಖಂಡನೀಯ" ಅಂದ್ರೆ ಅಣ್ಣ ಚಹಾನೇ ಕೊಡಲ್ಲ. ಓದಿದ್ದನ್ನೆಲ್ಲ ಒಪ್ಪಬೇಕು ಅಂತಲೂ ಇಲ್ಲ.

ಇದರಿಂದ ಏನು ಸಿಕ್ತು? ನಮ್ಮಲ್ಲೊಬ್ಬನ ಅಜ್ಜನಿಗೆ ಕಣ್ಣು ಮಂಜಾಗಿ ಪೇಪರ್ ಓದೋಕೆ ಆಗಲ್ಲ. ಪ್ರತಿ ಭಾನುವಾರ ಅವನು ಫೋನಿನಲ್ಲಿ ಸಂಪಾದಕೀಯ ಓದಿ ಹೇಳ್ತಾನೆ. ಮೊದಲ ವಾರ ಅಜ್ಜ ಸಾಲಿಗೊಂದು ಸಲ ತಡೆದು ಉಚ್ಚಾರ ತಿದ್ದಿದ್ದರು. ಹೋದ ವಾರ ಒಮ್ಮೆಯೂ ತಡೆಯಲಿಲ್ಲ. ಪೂರ್ತಿ ಕೇಳಿ, ನೇರ ಬರೆದವರ ಜೊತೆಗೇ ಜಗಳಕ್ಕೆ ನಿಂತರು: "ಬರ್ದೋನಿಗೆ ಕೆರೆ ಅಂದ್ರೇನು ಅಂತ ಗೊತ್ತಿಲ್ಲ ಕಣೋ!" ಮೊಮ್ಮಗ "ಅಲ್ಲ ಅಜ್ಜ, ಅವರು ಹೇಳೋದರಲ್ಲೂ ನ್ಯಾಯ ಇದೆ" ಅಂದ. ಅರ್ಧ ಗಂಟೆ ವಾದ ನಡೀತು, ಪೂರ್ತಿ ಕನ್ನಡದಲ್ಲಿ.

ನಾಳೆ ಬೆಳಿಗ್ಗೆ ತಿಂಡಿಗೆ ಮುಂಚೆ ರೀಡಿಂಗ್ ರೂಮಿಗೆ ಬನ್ನಿ. ಐದೇ ಪದ. ಮೀನಮೇಷ ಎಣಿಸಬೇಡಿ.